ಟಾಸಿಗೆ ಹೋದ ಅಳಿಯ

ಗಾಜಿಪುರದ ನಮ್ಮ ಓಣಿಯ ಕ್ರಿಕೆಟ್ ಟೀಮಿಗೆ ನಾನು ಏಳು ವರ್ಷ ಕ್ಯಾಪ್ಟನ್ ಆಗಿದ್ದೆ. ಕ್ಯಾಪ್ಟನ್ ಅಂದರೆ ಫೀಲ್ಡರುಗಳನ್ನು ಅಲ್ಲಲ್ಲಿ ನಿಲ್ಲಿಸುವವನು ಎಂದು ಜನ ತಿಳಿಯುತ್ತಾರೆ. ಅದೇನು ಮಹಾ ಕೆಲಸವಲ್ಲ. ಆಡಲು ಬಂದ ಹದಿನಾಲ್ಕು ಮಂದಿಯಲ್ಲಿ ಮೂವರ ಮುಖ ನೋಡಿ "ನೀ ಇವತ್ತ ಕೂಡು" ಅನ್ನುವುದೇ ಅಸಲಿ ಕ್ಯಾಪ್ಟನ್ ಕೆಲಸ. ನನಗೆ ಅದು ಚೆನ್ನಾಗಿ ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ರುಚಿಯೂ ಹತ್ತಿತ್ತು.

ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬ ಚಡ್ಡಿ ಹಾಕುವ ಕಾಲದಿಂದ ನನ್ನ ಜೊತೆ ಆಡಿದವನು. ಆಟ ಸಾಧಾರಣ, ಆದರೆ ಒಂದು ಭಾನುವಾರವೂ ತಪ್ಪಿಸಿದವನಲ್ಲ. ನಾನು ಕ್ಯಾಪ್ಟನ್ ಆದ ಏಳನೆಯ ವರ್ಷ, ಬೇಸಿಗೆಯಲ್ಲಿ ಅವನಿಗೆ ಕಮಲಾಪುರದ ಹುಡುಗಿಯೊಂದಿಗೆ ಮದುವೆಯಾಯಿತು. ದೀಪಾವಳಿ ಮುಗಿದ ಮೇಲೆ ಕಮಲಾಪುರದವರೇ ನಮ್ಮನ್ನು ಮ್ಯಾಚಿಗೆ ಕರೆದರು.

ಜೀಪಿನಲ್ಲಿ ಹೋಗುವಾಗ ಅವನು ನನ್ನ ಪಕ್ಕಕ್ಕೆ ಸರಿದು ಕೂತ.

"ಒಂದ್ ಮಾತ ಅದ. ಕನ್ಯಾ ನೋಡಾಕ ಹೋದಾಗ ನಾನ ಟೀಮಿನ ಕ್ಯಾಪ್ಟನ್ ಅಂತ ಹೇಳೀನಿ. ಇವತ್ತ ಮಾವಾರು, ಅವರ ಮಂದಿ ಎಲ್ಲಾ ನೋಡಾಕ ಬರ್ತಾರ."

"ಅದಕ್ಕ?"

"ಟಾಸಿಗಷ್ಟ ನನ್ನ ಕಳಸು. ಆಮ್ಯಾಲ ನೀ ಹೇಳ್ದಂಗ. ನನ್ನ ಮರ್ಯಾದಿ ಉಳಸು."

ನಕ್ಕು ಒಪ್ಪಿದೆ. ಗೆದ್ದರೆ ಫೀಲ್ಡಿಂಗೇ ತಗೋಬೇಕು ಎಂದು ಎರಡು ಸಲ ಹೇಳಿದೆ. ಹಿಂದಿನ ಸಂಜೆ ಮಳೆಯಾಗಿ ಕರಿಮಣ್ಣು ಇನ್ನೂ ಮೆತ್ತಗಿತ್ತು. ಮೊದಲು ಬ್ಯಾಟ್ ಹಿಡಿದವರ ಕಥೆ ಮುಗಿದಂತೆಯೇ.

ಬಾಳೆ ತೋಟಕ್ಕೆ ಹತ್ತಿದ ಬಯಲಿನಲ್ಲಿ ಆಟ. ಅವನ ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ಊರಿನ ಹಿರಿಯರ ನಡುವೆ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಗೆಳೆಯ ಕಾಲರ್ ಸರಿಮಾಡಿಕೊಂಡು ಹೋದ, ಟಾಸ್ ಗೆದ್ದ. ಬಾಯಿ ತೆರೆಯುವಷ್ಟರಲ್ಲಿ ಮಾವ ಕೂತಲ್ಲಿಂದಲೇ ಕೂಗಿ ಹೇಳಿದರು: "ಬ್ಯಾಟಿಂಗ್ ತಗೋರಿ ಅಳಿಯಾರ, ನಿಮ್ಮ ಆಟ ನೋಡೋಣು."

ಅವನು ನನ್ನ ಕಡೆ ನೋಡಿದ. ಆಮೇಲೆ ಮಾವನ ಕಡೆ ನೋಡಿದ. ಹೊಸ ಅಳಿಯ, ನಾಲ್ಕು ಮಂದಿಯೆದುರು ಮಾವನ ಮಾತು ಹೇಗೆ ಮುರಿದಾನು? ಬ್ಯಾಟಿಂಗ್ ಅಂದುಬಿಟ್ಟ.

ನನ್ನ ಮೈ ಉರಿಯಿತು. ನಮ್ಮ ಕಡೆಯ ಮ್ಯಾಚುಗಳಲ್ಲಿ ಬ್ಯಾಟಿಂಗ್ ಮಾಡುವ ಟೀಮಿನವರೇ ಅಂಪೈರನ್ನು ಕೊಡಬೇಕು. ಅವನನ್ನು ಹನ್ನೊಂದರಿಂದ ತೆಗೆದು, ಅಂಪೈರ್ ನಿಲ್ಲು ಅಂದೆ.

"ಮಾವಾರು ಕೂತಾರೋ," ಅಂದ ಮೆಲ್ಲಗೆ.

"ಕೂಡಲಿ. ಅವರ ಮಾತ ಕೇಳಿದ್ಯಲ್ಲ, ಈಗ ನನ್ನ ಮಾತ ಕೇಳು."

ಬಿಸಿಲಿನಲ್ಲಿ ನಿಂತ. ನಾವು ಮೂವತ್ತೆಂಟು ರನ್ನಿಗೆ ಗಂಟು ಕಟ್ಟಿದೆವು. ನಾನು ಸೊನ್ನೆಗೆ ಬೌಲ್ಡ್ ಆಗಿ ಹೊರಟಾಗ, ಇರಲಿ ಬಿಡು ಎನ್ನುವಂತೆ ಅವನು ತಲೆಯಾಡಿಸಿದ. ಅದಕ್ಕೂ ಸಿಟ್ಟು ಬಂತು. ಫೀಲ್ಡಿಂಗಿನ ಹೊತ್ತಿಗೆ ಅವನನ್ನು ನೀರಿನ ಕೊಡದ ಹತ್ತಿರ ಕೂರಿಸಿದೆ. ಕಮಲಾಪುರದವರು ಆರು ಓವರಿನಲ್ಲಿ ಆಟ ಮುಗಿಸಿದರು.

ಬಂದ ಟೀಮಿನ ಕ್ಯಾಪ್ಟನ್‌ಗೆ ಶಾಲು ಹೊದಿಸಿ ಕಳಿಸುವುದು ಅಲ್ಲಿಯ ರೂಢಿ. ಮಾವನೇ ಶಾಲು ಹಿಡಿದು ನಿಂತರು.

"ಬರ್ರಿ ಅಳಿಯಾರ. ಸೋಲು ಗೆಲವು ಇದ್ದದ್ದ. ನಿಮ್ಮ ಮಂದಿಗೆ ಆಡಾಕ ಬಿಟ್ಟು ನೀವ ಅಂಪೈರ್ ನಿಂತ್ರಿ, ದೊಡ್ಡ ಮನಸು."

ಅವನು ಎದ್ದು ಎರಡು ಹೆಜ್ಜೆ ಹೋದ. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲಿಲ್ಲ.

"ಕ್ಯಾಪ್ಟನ್ ನಾನ್ರೀ, ಏಳು ವರ್ಷ ಆತು. ಇವಂಗ ನೀರ ಕೊಡಾಕ ಕರ್ಕೊಂಡ ಬರ್ತೀವಿ."

ಮಾವ ಅಳಿಯನ ಮುಖ ನೋಡಿದರು. ಅವನು ಇಲ್ಲ ಅನ್ನಲಿಲ್ಲ.

"ತಪ್ಪ ತಿಳ್ಕೋಬ್ಯಾಡ್ರಿ," ಎಂದು ಅವರು ನನಗೆ ಹೇಳಿದರು. "ನಮಗ ಬ್ಯಾರೆ ಹೇಳಿದ್ರು." ಶಾಲು ನನ್ನ ಹೆಗಲಿಗೆ ಬಂತು. ನಾನು ಕತ್ತು ಬಗ್ಗಿಸಿ ಹೊದ್ದುಕೊಂಡೆ. ಮೊದಲು ಚಪ್ಪಾಳೆ ತಟ್ಟಿದವನು ನನ್ನ ಗೆಳೆಯ.

ಹೊಸ ಅಳಿಯ ಊರಿಗೆ ಬಂದರೆ ಉಣ್ಣಿಸದೆ ಯಾರೂ ಕಳಿಸುವುದಿಲ್ಲ. ಆ ದಿನ ಮಾವ ಜೀಪಿನ ತನಕ ಬಂದು, "ಇವರ ಜೋಡಿನ ಹೋಗ್ರಿ," ಅಂದರು. ಅವನು ಹಿಂದೆ ಹತ್ತಿ ಕೂತ. ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದಲು ಚಂದ. ನಿಜವೆಂದರೆ ಆ ಹೊತ್ತಿಗೆ ನನಗೆ ಹಿತವಾಗಿತ್ತು. ನಾಚಿಕೆ ಬಂದದ್ದು ಬಹಳ ತಡವಾಗಿ, ಅದರಿಂದ ಅವನಿಗೆ ಏನೂ ಉಪಯೋಗವಾಗಲಿಲ್ಲ.

ನಮ್ಮೂರ ಕೋಟೆ ಹತ್ತಿರ ಇಳಿದವನು ಕಿಟಕಿಯ ಬಳಿ ಬಂದ. ಅಲ್ಲಿಯವರೆಗೆ ನನ್ನನ್ನು 'ಲೇ' ಬಿಟ್ಟು ಬೇರೆ ಕರೆದವನಲ್ಲ.

"ಮುಂದಿನ ಐತವಾರ ಎಷ್ಟಕ್ಕ ಬರ್ಲಿರೀ, ಕ್ಯಾಪ್ಟನ್?"

"ಹೇಳಿ ಕಳಸ್ತೀನಿ," ಅಂದೆ. ಹೇಳಿ ಕಳಿಸಲಿಲ್ಲ.

ಈಗಲೂ ಒಮ್ಮೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಣುತ್ತಾನೆ. ಹೆಂಡತಿಯನ್ನೂ ಮಗಳನ್ನೂ ಕಮಲಾಪುರದ ಬಸ್ಸಿಗೆ ಹತ್ತಿಸಿ, ಚೀಲ ಮೇಲಿಟ್ಟು, ತಾನು ಇಳಿದುಬಿಡುತ್ತಾನೆ.