ಲಾರಿ ಏರಿದ ಹಿಂಡು

ನಾಸಿಕದಿಂದ ಸಂಭಾಜಿನಗರಕ್ಕೆ ಹೋಗುತ್ತ ವೈಜಾಪುರದ ಹೊರಗೆ ಚಹಾಕ್ಕೆ ನಿಂತೆವು. ಪಕ್ಕದಲ್ಲೊಂದು ಲಾರಿ, ತುಂಬ ಕುರಿ. ಸಂತೆಗೆ ಹೊರಟಿರಬೇಕು ಅಂದೆ.

"ಅಲ್ರೀ, ತಾಯಿ-ಮರಿ ಕೂಡೇ ಅದಾವ. ಮಾರೋರು ಹಿಂಗ ತುಂಬಂಗಿಲ್ಲ," ಅಂದಳು ಹೆಂಡತಿ. ಗೋಕಾಕದ ಅವಳ ತವರಿನ ಹೊಲದಲ್ಲಿ ಗೊಬ್ಬರಕ್ಕೆಂದು ವರ್ಷವೂ ಕುರಿ ನಿಲ್ಲಿಸುತ್ತಿದ್ದರು.

ಲಾರಿಯ ನೆರಳಲ್ಲಿ ಕುರಿಗಾರರ ಮುದುಕಿ ಕೂತಿದ್ದಳು. ಹೆಂಡತಿ ಮರಾಠಿಯಲ್ಲಿ ವಿಚಾರಿಸಿದಳು. ದೀಪಾವಳಿಯ ನಂತರ ಘಾಟಿ ಇಳಿದು ಕೊಂಕಣದ ಗದ್ದೆಗಳಲ್ಲಿ ಮೇಯಿಸುತ್ತಾರೆ. ಜಡಿಮಳೆ ಕುರಿಗೆ ಆಗದು. ಅದಕ್ಕೇ ಮಳೆಗೆ ಮೊದಲು ಇಗತಪುರಿ ಘಾಟಿ ಹತ್ತಿ ಈ ಒಣ ಬಯಲಿಗೆ ಮರಳುತ್ತಾರೆ. ಇಷ್ಟು ವರ್ಷ ನಡೆದು ಬರುತ್ತಿದ್ದ ದಾರಿಗೆಲ್ಲ ಈಗ ದ್ರಾಕ್ಷಿ ತೋಟಗಳ ತಂತಿಬೇಲಿ ಬಂದಿದೆ. ಈ ಸಲ ಮೊದಲ ಬಾರಿಗೆ ಲಾರಿ ಹಿಡಿದಿದ್ದಾರೆ.

"ಸಾಮಾನು ಹೇರೋ ಕುದುರಿ?" ಹೆಂಡತಿ ಕೇಳಿದಳು.

"ಮಾರಿದ್ವಿ."

ಏನಾದರೂ ಹೇಳಬೇಕಲ್ಲ ಎಂದು, "ಆರಾಮ ಆತಲ್ಲ ಆಜಿ, ಒಂದ ದಿನದಾಗ ಬಂದ್ರಿ," ಎಂದು ನನ್ನ ಹರಕು ಮರಾಠಿಯಲ್ಲಿ ಅಂದೆ.

ಮುದುಕಿ ಲಾರಿಯ ಕಡೆ ನೋಡಿದಳು. ಹಲಗೆಯ ಸಂದಿಯಿಂದ ಮರಿಗಳು ಮೂತಿ ಹೊರಗೆ ಹಾಕಿದ್ದವು.

"ಮರಿಗೆ ಘಾಟಿ ದಾರಿ ನಾವು ಕಲಿಸಂಗಿಲ್ಲ, ತಾಯಿ ಹಿಂದ ನಡದು ಅದ ಕಲೀತೈತಿ," ಅಂದಳು. "ಇವು ಕೆಳಗ ಹುಟ್ಟಿದ್ವು, ಲಾರಿಯಾಗ ಮ್ಯಾಲೆ ಬಂದ್ವು. ನಾಳೆ ಯಾರರ ಬೇಲಿ ತಗದ್ರೂ, ಇವಕ್ಕ ಯಾವ ಕಡೆ ಹೋಗಬೇಕಂತ ತಿಳಿಯಂಗಿಲ್ಲ."