ಮಗ್ಗದ ಮನೆಯಲ್ಲಿ ಬಿಳಿಚಿದ ಹವಳ

ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡು ಗಂಟೆ, ನಾರಾಯಣಪೇಟೆ. ಹಾಜರಿದ್ದವರು ನಾಲ್ವರು: ನಾನು, ನನ್ನ ತಮ್ಮ, ಅವನ ಹೆಂಡತಿ, ಅವಳ ಅಣ್ಣ. ನಾನು ಮಕ್ತಲ್‌ನಿಂದ ಊಟಕ್ಕೆಂದು ಬಂದಿದ್ದೆ. ಎಲೆ ಹಾಕುವ ಮೊದಲೇ ನೆತ್ತರು ಬಿತ್ತು.

ತಮ್ಮ ಮುಂಬೈಯಲ್ಲಿ ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ದುಡಿದು ಊರಿಗೆ ಮರಳಿದವನು. ಬರುವಾಗ ಉಪ್ಪುನೀರಿನ ಗಾಜಿನ ತೊಟ್ಟಿಯನ್ನೂ ಅದರಲ್ಲಿ ಬೆಳೆಯುವ ಜೀವಂತ ಹವಳಗಳನ್ನೂ, ಜೊತೆಗೆ ನಾಲ್ಕಾರು ಪುಟ್ಟ ಮೀನು, ಒಂದು ಸೀಗಡಿಯನ್ನೂ ತಂದ. ಮಕ್ಕಳಿಲ್ಲದ ಮನೆಯಲ್ಲಿ ಅವನು ಆ ಹವಳಗಳನ್ನೇ ಮಕ್ಕಳಂತೆ ಸಾಕುತ್ತಿದ್ದ. ಬೇರೆ ಜಾಗವಿಲ್ಲದೆ ತೊಟ್ಟಿಯನ್ನು ನಡುಮನೆಯಲ್ಲಿ, ಹೆಂಡತಿಯ ಅಣ್ಣನ ಗುಂಡಿಮಗ್ಗದ ಪಕ್ಕದಲ್ಲಿ ಇಟ್ಟಿದ್ದ. ಆ ಅಣ್ಣ ನೇಕಾರ. ನೂಲಿಗೆ ಬಣ್ಣವನ್ನೂ ತಾನೇ ಹಾಕುತ್ತಾನೆ.

ನಾಲ್ಕು ದಿನ ಗದ್ವಾಲಕ್ಕೆ ಹೋಗಿದ್ದ ತಮ್ಮ ಆಗಷ್ಟೇ ಬಂದು ತೊಟ್ಟಿ ನೋಡಿದ. ನೇರಳೆ, ಹಸಿರು ಬಣ್ಣದ ಹವಳಗಳೆಲ್ಲ ಸುಣ್ಣದ ಕಡ್ಡಿಗಳಂತೆ ಬೆಳ್ಳಗೆ ನಿಂತಿದ್ದವು. ಬಣ್ಣ ಹೋಯಿತೆಂದರೆ ನಮ್ಮ ಕೇರಿಯವರಿಗೆ ಹೊಳೆಯುವುದು ಒಂದೇ: ತಪ್ಪಿದ ಬಣ್ಣ ಕೀಳಲು ನೂಲಿಗೆ ಹಾಕುವ ಪುಡಿ.

"ಪುಡಿ ಹಾಕೀದಿ ನೀ! ನಾ ಇಲ್ಲದ್ದು ನೋಡಿ ಹಾಕೀದಿ!" ತಮ್ಮ ನೇಕಾರನತ್ತ ಕೂಗಿದ.

ನೇಕಾರ ಮಗ್ಗದ ಗುಂಡಿಯಿಂದ ಏಳದೆಯೇ ನಕ್ಕ. "ಹೌದಪಾ, ನಿನ್ನ ಕಲ್ಲಿಗೆ ಪುಡಿ ಹಾಕಾಕ ನಾ ಖಾಲಿ ಕುಂತೀನಿ. ದೊಡ್ಡ ಮೀನಾಗಿದ್ರ ಸಾರಿಗಾದ್ರೂ ಆಗ್ತಿದ್ವು."

ತಮ್ಮ ಅವನ ಕೊರಳಪಟ್ಟಿ ಹಿಡಿದು ಮೇಲೆಳೆದ. ನೇಕಾರನ ಕೈಯಲ್ಲಿದ್ದ ಲಾಳಿಯ ಲೋಹದ ಮೊನೆ ತಮ್ಮನ ಹುಬ್ಬನ್ನು ಸೀಳಿತು. ತಮ್ಮ ಗುದ್ದಿದ, ನೇಕಾರನ ತುಟಿ ಒಡೆಯಿತು. ನೆಲದ ಮೇಲೆ ಹನಿ ಹನಿ ರಕ್ತ. ತಮ್ಮ ಕತ್ತರಿ ಕಸಿದು ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಹಿಡಿದ.

"ನನ್ನವು ಸತ್ರ ನಿನ್ನ ಸೀರಿನೂ ಸಾಯ್ತೈತಿ!"

ಹೆಂಡತಿ ತಮ್ಮನ ಮಣಿಕಟ್ಟಿಗೆ ಹಲ್ಲು ಹಾಕಿದಳು. ಕತ್ತರಿ ಬಿತ್ತು, ನಾನು ಅದನ್ನು ಕಾಲಲ್ಲಿ ಒತ್ತಿ ಹಿಡಿದೆ. ಆಸ್ಪತ್ರೆಯಲ್ಲಿ ನರ್ಸಾಗಿ ಕೂದಲು ನರೆತವಳು ನಾನು. ಮೊದಲು ಜೀವ, ಆಮೇಲೆ ಜಗಳ.

"ಪುಡಿ ಬಿದ್ದಿದ್ರ ಮೀನ ಉಳೀತಿದ್ವೇನೊ ಮೂರ್ಖ? ಸೀಗಡಿ ಅಡ್ಡಾಡಾಕತ್ತೈತಿ ನೋಡು. ನೀರಿನ ಕಾವು ನೋಡು ಮೊದಲ," ಎಂದೆ ತಮ್ಮನಿಗೆ.

ಇಪ್ಪತ್ತಾರರ ಆಸುಪಾಸಿನಲ್ಲಿ ಇರಬೇಕಾದ ಉಷ್ಣಮಾಪಕ ಮೂವತ್ತೆರಡು ಡಿಗ್ರಿ ದಾಟಿತ್ತು. ನೀರಿನ ಮೇಲೆ ಗಾಳಿ ಹಾಯಿಸುವ ಫ್ಯಾನ್ ನಿಂತಿತ್ತು.

"ಯಾರು ಬಂದ್ ಮಾಡಿದ್ರು?" ಎಂದೆ.

ನೇಕಾರ ತುಟಿ ಒರೆಸಿಕೊಂಡ. "ನಾನೇರಿ ಅಕ್ಕೋರೆ. ಆ ಗಾಳಿಗೆ ಹಾಸು ಒಣಗಿ ಎಳಿ ಪಟಪಟ ಹರೀತಿದ್ವು. ಕಿಟಕಿನೂ ಹಾಕೀನಿ. ನೀರಾಗ ಇರೋವಕ್ಕ ಗಾಳಿ ಯಾಕ ಬೇಕು ಅಂದ್ಕೊಂಡೆ."

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಹವಳದ ಬಣ್ಣ, ಹವಳದ ಅನ್ನ ಬಹುಪಾಲು ಆ ಪಾಚಿಯಿಂದಲೇ. ನೀರು ಕಾದರೆ, ಬೆಳಕು ಉರಿದರೆ ಆ ಪಾಚಿ ವಿಷ ಕಕ್ಕುತ್ತದೆ. ಹವಳ ಅದನ್ನು ಕತ್ತು ಹಿಡಿದು ಹೊರದಬ್ಬುತ್ತದೆ. ಉಳಿಯುವುದು ಗಾಜಿನಂಥ ತೊಗಲು, ಅದರಡಿ ಬಿಳಿ ಎಲುಬು. ಬಿಳಿಯಾದದ್ದು ಸತ್ತಿರಬೇಕಿಲ್ಲ, ಹಸಿದಿರುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ತಮ್ಮನೇ. ಸಿಟ್ಟು ಅವನ ವಿದ್ಯೆಯನ್ನು ನುಂಗಿತ್ತು.

ಈಗ ಅವನು ಐಸಿನ ಗಡ್ಡೆ ತಂದು ತೊಟ್ಟಿಗೆ ಸುರಿಯಹೊರಟ. ಕೈಮೇಲೆ ಹೊಡೆದೆ.

"ಜ್ವರ ಬಂದವರನ್ನ ಐಸಿನ್ಯಾಗ ಮುಳುಗಿಸ್ತಾರೇನು? ಸಾವಕಾಶ ಇಳಿಸು."

ಕಿಟಕಿ ತೆರೆಸಿ ಫ್ಯಾನ್ ಹಾಕಿಸಿದೆ. ತೊಟ್ಟಿಯ ಮೇಲಿನ ದೀಪವನ್ನು ತಮ್ಮ ಅರ್ಧಕ್ಕೆ ಇಳಿಸಿದ. ತೊಟ್ಟಿಯ ನೀರು ಆವಿಯಾಗಿ ತಗ್ಗಿತ್ತು. ಹೆಂಡತಿ ಉಪ್ಪು ಕಲಸಲು ಹೋದಳು.

"ಉಪ್ಪು ಬ್ಯಾಡ. ನೀರಷ್ಟ ಹಾರೈತಿ, ಉಪ್ಪು ಅಲ್ಲೇ ಐತಿ," ಎಂದ ತಮ್ಮ, ಮೊದಲ ಬಾರಿ ಮೆಲ್ಲಗೆ. ಶುದ್ಧೀಕರಿಸಿದ ಸಿಹಿನೀರನ್ನು ಲೋಟ ಲೋಟವಾಗಿ ಹೊಯ್ದ. ಅಷ್ಟರಲ್ಲಿ ನಾನು ಅವನ ಹುಬ್ಬಿಗೆ, ನೇಕಾರನ ತುಟಿಗೆ ಔಷಧಿ ಹಚ್ಚಿ ಮುಗಿಸಿದೆ.

ಸಂಜೆಗೆ ಕಾವು ಇಳಿಯಿತು. ಒಂದು ಹವಳದ ತೊಗಲು ಚಿಂದಿಯಾಗಿ ಕಳಚಿತು, ಕೊಳೆತ ವಾಸನೆ ಬಂತು. ಉಳಿದವಕ್ಕೆ ತಗುಲದಂತೆ ತಮ್ಮ ಅದನ್ನು ಇಕ್ಕಳದಲ್ಲಿ ಮುರಿದು ತೆಗೆದ. ಎಲುಬು ಮುರಿದ ಸದ್ದಿಗೆ ಅವನ ಮುಖ ಕಿವುಚಿತು. ಉಳಿದವುಗಳ ತೊಗಲು ಗಟ್ಟಿಯಾಗಿತ್ತು. ಎರಡರಲ್ಲಿ ತಿನಿಸು ಹಿಡಿಯುವ ಎಳೆಬೆರಳುಗಳು ಹೊರಬಂದಿದ್ದವು. ಬಣ್ಣ ಮರಳಲು ತಿಂಗಳುಗಳೇ ಬೇಕು, ಮರಳದೆಯೂ ಹೋಗಬಹುದು.

ಫ್ಯಾನ್ ನಿಲ್ಲಿಸುವಂತಿಲ್ಲ, ಹಾಸು ಒಣಗುವಂತಿಲ್ಲ. ಮಗ್ಗಕ್ಕೂ ತೊಟ್ಟಿಗೂ ನಡುವೆ ಒದ್ದೆ ಗೋಣಿ ಇಳಿಬಿಡಿ ಎಂದೆ. ತಮ್ಮ ಒಂದು ತುದಿ ಹಿಡಿದ, ನೇಕಾರ ಇನ್ನೊಂದು. ನೇಕಾರ ಕೊನೆಯ ಗಂಟು ಬಿಗಿದ. ಅಂದಿನ ಕೆಲಸ ಮುಗಿಯಿತು.