ಆರರ ಜಾಗಕ್ಕೆ ಏಳು ಬರೆದ ಭಾವ

ನನ್ನ ಅಕ್ಕನ ಗಂಡ ಬೋರ್ಡು ಬರೆಯುವವರು. ನಮ್ಮ ಪೇಟೆಯಲ್ಲಿ ಯಾವ ಅಂಗಡಿಯ ನೆತ್ತಿಯ ಮೇಲೆ ಕಣ್ಣು ಹಾಯಿಸಿದರೂ ಭಾವನ ಕೈಬರಹ ಸಿಗುತ್ತದೆ. ಅಕ್ಷರಕ್ಕೆ ಹೊಟ್ಟೆ ಸ್ವಲ್ಪ ದಪ್ಪ, ಬಾಲ ಸ್ವಲ್ಪ ಉದ್ದ, ಎಡಗಡೆಗೆ ತೆಳುವಾದ ನೆರಳು. ಫ್ಲೆಕ್ಸ್ ಬಂದು ಅರ್ಧ ಕೆಲಸ ನುಂಗಿ ನೀರು ಕುಡಿದ ಮೇಲೂ ಗೇಟಿಗೆ ಮನೆ ನಂಬರು ಬರೆಸುವವರು, ಬಾಗಿಲಿಗೆ ಹೆಸರು ಬರೆಸುವವರು ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಹೆಸರು, ಸಂಖ್ಯೆ, ಇವೆರಡರ ನಡುವೆಯೇ ತಲೆ ನರೆತ ಮನುಷ್ಯ.

ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಬೆಳಿಗ್ಗೆ ಒಂದು ಅಧ್ಯಾಯ ಬೈಬಲ್ ಓದುವುದು ಅವರ ಅಭ್ಯಾಸ. ನಾವೆಲ್ಲ ಕಥೆ ಎಲ್ಲಿಗೆ ಹೋಯಿತು ಎಂದು ಓದಿದರೆ ಅವರು ಹೆಸರು ಬಂದಲ್ಲಿ ನಿಲ್ಲುತ್ತಾರೆ, ಅಂಕಿ ಬಂದಲ್ಲಿ ಕೂತೇ ಬಿಡುತ್ತಾರೆ. ಅಬ್ರಾಮ ಯಾಕೆ ಅಬ್ರಹಾಮನಾದ, ಅಣ್ಣನ ಹಿಮ್ಮಡಿ ಹಿಡಿದುಕೊಂಡು ಹುಟ್ಟಿದ ಯಾಕೋಬ ಯಾಕೆ ಇಸ್ರಾಯೇಲನಾದ, ಮೀನು ಹಿಡಿಯುವ ಸೀಮೋನನಿಗೆ ಯಾಕೆ ಬಂಡೆ ಎಂಬ ಹೆಸರು ಬಂತು, ಎಲ್ಲಕ್ಕೂ ಅವರಲ್ಲಿ ವಿವರಣೆ ಇದೆ. ದೇವರು ಹೆಸರು ಬದಲಾಯಿಸಿದರೆ ಬೋರ್ಡು ಮಾತ್ರ ಬದಲಾಗುವುದಿಲ್ಲ, ಅಂಗಡಿಯೇ ಬದಲಾಗುತ್ತದೆ ಎಂದು ಹೇಳಿ ತಾವೇ ನಗುತ್ತಾರೆ.

ಈ ವಿವರಣೆ ಕೇಳಿಸಿಕೊಳ್ಳದೆ ಯಾವ ಗಿರಾಕಿಯೂ ಪಾರಾಗುವಂತಿಲ್ಲ. ಹನ್ನೆರಡನೇ ನಂಬರಿನ ಮನೆಯಾಕೆಗೆ ಅವರು ಹನ್ನೆರಡು ಕುಲ, ಹನ್ನೆರಡು ಮಂದಿ ಶಿಷ್ಯರ ಕಥೆ ಹೇಳಿ, ನಿಮ್ಮ ಮನೆ ತುಂಬ ಜನ ತುಂಬಿರುತ್ತಾರೆ ಎಂದು ಹರಸಿದರು. ಗಂಡನ ಕಡೆಯವರ ಕಾಟ ತಾಳಲಾರದೆ ಆಗತಾನೆ ಬೇರೆ ಮನೆ ಮಾಡಿದ್ದ ಆ ಹೆಂಗಸು ಮುಖ ಹುಳ್ಳಗೆ ಮಾಡಿಕೊಂಡಳು. ಕ್ಷೌರದಂಗಡಿಯವನ ಮಳಿಗೆ ಆರನೆಯದು. ದೇವರು ಮನುಷ್ಯನನ್ನು ಮಾಡಿದ್ದು ಆರನೆಯ ದಿನ, ಹಾಗಾಗಿ ಆರು ಮನುಷ್ಯನ ಅಂಕಿ, ಪೂರ್ಣವಾದ ಏಳಕ್ಕೆ ಯಾವಾಗಲೂ ಒಂದು ಕಡಿಮೆ ಎಂದು ಭಾವ ವಿವರಿಸಿದರು. ನನ್ನ ಗಿರಾಕಿಗಳೆಲ್ಲ ಮನುಷ್ಯರೇ, ಇರಲಿ ಬಿಡಿ ಎಂದು ಅವನು ಕನ್ನಡಿ ಒರೆಸಲು ಹೋದ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಇದನ್ನೆಲ್ಲ ಕೇಳಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಏಳು ಅಂದರೆ ಆರಕ್ಕೆ ಒಂದು ಕೂಡಿಸಿದರೆ ಬರುವುದು, ಅದಕ್ಕಿಂತ ಹೆಚ್ಚಿನ ಘನತೆ ಅದಕ್ಕೆ ಬೇಡ ಎಂದು ಅವರನ್ನು ಕೆಣಕುತ್ತಿದ್ದೆ. ಅದು ನಿನ್ನ ಏಳು ಟೀಚರಮ್ಮ, ನಾನು ಹೇಳುವುದು ಬೇರೆ ಏಳು ಎನ್ನುತ್ತಿದ್ದರು. ಭಾವ ನಾದಿನಿಯ ಜಗಳ ಎಂದರೆ ಅಕ್ಕನಿಗೆ ಪುಕ್ಕಟೆ ಮನರಂಜನೆ. ಬಾಗಿಲಿಗೆ ಒರಗಿ ನಿಂತು ಇಬ್ಬರಿಗೂ ಕುಮ್ಮಕ್ಕು ಕೊಡುತ್ತಿದ್ದಳು.

ಅಕ್ಕ ಭಾವನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚಿನ್ನಿ ಎಂದು. ಅಳಿಯ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿ ಸಿಕ್ಕರೆ ಹೆಚ್ಚು. ಹೆರಿಗೆಗೆಂದು ತೌರಿಗೆ ಬಂದವಳಿಗೆ ದಿನ ತುಂಬುವ ಬಹಳ ಮೊದಲೇ ನೋವು ಕಾಣಿಸಿಕೊಂಡಿತು. ಹುಟ್ಟಿದ್ದು ಹೆಣ್ಣು ಮಗು, ನನ್ನ ಅಂಗೈಯಿಂದ ಮೊಣಕೈವರೆಗಿನಷ್ಟು ಉದ್ದ. ಹುಟ್ಟಿದ ಕೂಡಲೇ ಮಗುವನ್ನು ಗಾಜಿನ ಪೆಟ್ಟಿಗೆಗೆ ಒಯ್ದರು. ನಿಜ ಹೇಳುತ್ತೇನೆ, ಮೊದಲ ದಿನ ನೋಡಿದಾಗ ಅದು ಉಳಿಯುತ್ತದೆ ಎಂದು ನನಗೆ ಅನ್ನಿಸಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಭಾವ ಅಳಲಿಲ್ಲ. ನೋಹನ ಕಾಲದ ಮಳೆ ಎಷ್ಟು ದಿನ, ಮೋಶೆ ಬೆಟ್ಟದ ಮೇಲೆ ಎಷ್ಟು ದಿನ, ಯೇಸು ಅಡವಿಯಲ್ಲಿ ಉಪವಾಸವಿದ್ದದ್ದು ಎಷ್ಟು ದಿನ ಎಂದು ಮಗಳನ್ನೇ ಕೇಳಿದರು. ಚರ್ಚಿನ ಭಾನುವಾರದ ತರಗತಿಯಲ್ಲಿ ಬೆಳೆದವಳಿಗೆ ಇದು ಗೊತ್ತಿಲ್ಲದ ಲೆಕ್ಕವೇ? ನಲವತ್ತು ಎಂದಳು. ನಲವತ್ತು ಪರೀಕ್ಷೆಯ ಸಂಖ್ಯೆ, ಆದರೆ ಪರೀಕ್ಷೆ ಮುಗಿಯುವ ಸಂಖ್ಯೆಯೂ ಹೌದು, ನಲವತ್ತನೆಯ ದಿನ ಮಗು ಮನೆಗೆ ಬರುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಬಾಡಿದ ಅವಳ ಮುಖ ಅಂದು ಮೊದಲ ಸಲ ಅರಳಿತು. ಅದನ್ನು ನೋಡಿ ನಾನೂ ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ. ಹೆಸರು ಏನಿಡುವುದು ಎಂದು ಅಕ್ಕ ಕೇಳಿದಾಗ, ಮನೆಗೆ ಬಂದ ದಿನ ಹೇಳುತ್ತೇನೆ ಎಂದಳು ಚಿನ್ನಿ.

ಅವಳು ದಿನಾ ಆಸ್ಪತ್ರೆಗೆ ಹೋಗಿ ಪೆಟ್ಟಿಗೆಯ ರಂಧ್ರದಲ್ಲಿ ಕೈ ತೂರಿಸಿ ಮಗುವಿನ ಪಾದ ಮುಟ್ಟಿ ಕೂರುತ್ತಿದ್ದಳು. ಎಲ್ಲ ಸರಿಯಾಗಿತ್ತು, ಭಾವನಿಗೆ ಒಂದು ವಿಷಯ ಬಿಟ್ಟು. ಮಗುವಿನ ಪೆಟ್ಟಿಗೆಗೆ ನೇತುಹಾಕಿದ್ದ ತಗಡಿನ ಬಿಲ್ಲೆಯ ಮೇಲಿದ್ದದ್ದು ಆರು. ಪಕ್ಕದಲ್ಲೇ ಏಳು, ಅದರಲ್ಲಿ ಬೇರೆಯವರ ಮಗು. ಒಂದೇ ಒಂದು ಅಂಕಿಯಿಂದ ತಪ್ಪಿಹೋಯಿತಲ್ಲ ಎಂದು ಅವರು ಒಳಗೊಳಗೇ ಕೊರಗುತ್ತಿದ್ದರು ಎಂದು ಆಮೇಲೆ ಅಕ್ಕ ಹೇಳಿದಳು.

ಬಿಲ್ಲೆಗಳನ್ನು ದಿನಾ ಔಷಧಿ ಹಚ್ಚಿ ಒರೆಸಿ ಒರೆಸಿ ಅಂಕಿಗಳು ಮಸುಕಾಗಿದ್ದವು. ಭಾವ ದೊಡ್ಡ ಸಿಸ್ಟರಿನ ಬಳಿ ಹೋಗಿ, ಹಳೆಯವನ್ನು ಮುಟ್ಟುವುದೂ ಬೇಡ, ಹೊಸ ತಗಡಿನಲ್ಲಿ ಅಷ್ಟನ್ನೂ ಪುಕ್ಕಟೆ ಬರೆದುಕೊಡುತ್ತೇನೆ ಎಂದರು. ಆಕೆ ಸಂತೋಷದಿಂದ ಒಪ್ಪಿದರು. ಎನಾಮಲ್ ಬಣ್ಣದ ವಾಸನೆ ಮಕ್ಕಳಿಗೆ ಆಗದು ಎಂದು ಮನೆಯಲ್ಲೇ ಬರೆದು, ಅಂಗಳದಲ್ಲಿ ಚೆನ್ನಾಗಿ ಒಣಗಿಸಿ ತಂದುಕೊಟ್ಟರು. ಸಿಸ್ಟರು ಒಂದೊಂದಾಗಿ ನೇತುಹಾಕುತ್ತ ಬಂದರೆ ಆರು ಇಲ್ಲ, ಏಳು ಎರಡಿವೆ. ತಪ್ಪಿ ಬಂದಿರಬೇಕು ಎಂದುಕೊಂಡ ಆಕೆ ಭಾವನ ಮುಖ ನೋಡಿದ ಕೂಡಲೇ ಇದು ತಪ್ಪಿದ್ದಲ್ಲ ಎಂದು ಅರ್ಥಮಾಡಿಕೊಂಡರು. ಇಲ್ಲಿ ನಂಬರು ನೋಡಿ ಔಷಧಿ ಕೊಡುತ್ತೇವೆ, ಎರಡು ಏಳಿದ್ದರೆ ಯಾವ ಮಗುವಿನ ಬಾಯಿಗೆ ಯಾವುದು ಹೋಗಬೇಕು ಎಂದು ವಾರ್ಡಿನ ಹೊರಗೆ ನಿಲ್ಲಿಸಿಕೊಂಡು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಭಾವ ತಲೆ ತಗ್ಗಿಸಿ ಮನೆಗೆ ಬಂದು ಆರು ಬರೆದರು. ಅಕ್ಕ ಅದನ್ನು ನನಗೂ ಚಿನ್ನಿಗೂ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು. ಆಗ ಚಿನ್ನಿಯೂ ನಕ್ಕಳು.

ನಲವತ್ತನೆಯ ದಿನ ಬಂತು. ಅಳಿಯ ರಜೆ ಹಾಕಿ ಬಂದಿದ್ದ. ಅಕ್ಕ ಕೋಣೆಯ ಮೂಲೆ ಮೂಲೆಯನ್ನೂ ಗುಡಿಸಿ ಒರೆಸಿ, ಹಳೆಯ ಹತ್ತಿಬಟ್ಟೆಗಳನ್ನು ಕುದಿಸಿ ಒಣಗಿಸಿ ಮಡಿಸಿಟ್ಟಿದ್ದಳು. ಚಿನ್ನಿ ಮಗುವನ್ನು ಸುತ್ತಿ ತರಲು ಒಂದು ಮೆತ್ತನೆಯ ಶಾಲು ತೆಗೆದುಕೊಂಡು ಹೋದಳು. ಆಸ್ಪತ್ರೆಯಲ್ಲಿ ಡಾಕ್ಟರು, ಮಗುವಿನ ರಕ್ತದಲ್ಲಿ ಸೋಂಕು ಕಾಣಿಸಿದೆ, ಈಗ ಕಳಿಸುವ ಮಾತೇ ಇಲ್ಲ, ಏನಾಗುತ್ತದೋ ಇನ್ನೂ ಹೇಳಲಾರೆ ಎಂದರು. ಅವಳು ಅದೇ ಶಾಲನ್ನು ಮಡಿಸಿದಂತೆಯೇ ಹಿಡಿದುಕೊಂಡು ವಾಪಸು ಬಂದಳು.

ಭಾವ ಏನೋ ಹೇಳಲು ಬಾಯಿ ತೆರೆದರು. ಅವಳು ಬಿಡಲಿಲ್ಲ.

"ಅಪ್ಪಾ, ಸಾಕು. ನೀನು ನನ್ನ ಮಗೂನ ನೋಡ್ಲೇ ಇಲ್ಲ, ನಂಬರ್ ನೋಡ್ತಾ ಕೂತೆ. ನಾನೂ ನಿನ್ನ ಮಾತು ನಂಬಿ ದಿನ ಎಣಿಸ್ತಾ ಕೂತೆ. ಇನ್ಮೇಲೆ ಅದಕ್ಕೆ ಹೆಸರೂ ಬೇಡ, ಏನೂ ಬೇಡ. ಹೆಸರಿಟ್ರೆ ಅದು ಹೋದ್ಮೇಲೂ ಹೆಸರು ಉಳಿಯತ್ತೆ. ಬೈಬಲಲ್ಲಿ ಗಂಡ ಮಕ್ಕಳು ಸತ್ತಾಗ ನೊವೊಮಿ ಏನಂದ್ಲು, ನೀನೇ ಅಲ್ವಾ ಹೇಳ್ಕೊಟ್ಟಿದ್ದು? ನನ್ನನ್ನ ನೊವೊಮಿ ಅನ್ಬೇಡಿ, ಮಾರಾ ಅನ್ನಿ, ಕಹಿ ಅನ್ನಿ ಅಂದ್ಲು. ನನ್ನನ್ನೂ ಹಾಗೇ ಕರೀರಿ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನದಿಂದ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಎದೆಹಾಲು ಹಿಂಡಿ ಬಾಟಲಿಯಲ್ಲಿ ಅಕ್ಕನ ಕೈಗೆ ಕೊಡುತ್ತಿದ್ದಳು, ತಾನು ಮಾತ್ರ ಹೋಗುತ್ತಿರಲಿಲ್ಲ. ಗಂಡ ಕಾಲು ಹಿಡಿಯುವುದೊಂದು ಬಾಕಿ. ಅವನ ಮಾತಿಗೂ ಜಗ್ಗಲಿಲ್ಲ. ಮಗುವನ್ನು ತಾಯಿ ಎದೆಗೆ ಒತ್ತಿಕೊಂಡು ಮಲಗಬೇಕು, ತಾಯಿಯ ಬಿಸಿ, ತಾಯಿಯ ದನಿ ಅದಕ್ಕೆ ಔಷಧಿಯಷ್ಟೇ ಮುಖ್ಯ ಎಂದು ಸಿಸ್ಟರು ಹೇಳಿ ಕಳಿಸಿದರು. ಅಕ್ಕ ಬಾಗಿಲಿನ ಆಚೆ ನಿಂತು ಅದನ್ನು ಹೇಳಿದಳು. ಅವಳು ಬಾಗಿಲು ತೆರೆಯಲಿಲ್ಲ.

ನನಗೆ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಇಷ್ಟಕ್ಕೆಲ್ಲ ನಿಮ್ಮ ಹಾಳು ಅಂಕಿಗಳೇ ಕಾರಣ ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಡಬೇಕೆಂದೇ ಹೋದೆ. ಅವರು ಅಂಗಳದಲ್ಲಿ ಕುಂಚಗಳನ್ನು ತೊಳೆಯುತ್ತ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಅಂದರು:

"ನಲವತ್ತಕ್ಕೆ ಮಳೆ ನಿಂತಿತು, ಟೀಚರಮ್ಮ. ನೀರು ಇಳೀಲಿಲ್ಲ. ನೋಹ ಆಮೇಲೂ ತಿಂಗಳುಗಟ್ಟಲೆ ಹಡಗಲ್ಲೇ ಕೂತಿದ್ದ. ಇಷ್ಟು ವರ್ಷ ಓದ್ದೆ, ಮಳೆ ನಿಂತಲ್ಲಿಗೇ ನಿಲ್ಸಿಬಿಡ್ತಿದ್ದೆ. ಮುಂದಿನದು ಕಣ್ಣಿಗೆ ಬೀಳ್ಲೇ ಇಲ್ಲ."

ನಾನು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಚಿನ್ನಿ ಮಾರಾ ಅಂತ ಕರೀರಿ ಅಂದಳಲ್ಲ ಭಾವ, ಏನು ಮಾಡ್ತೀರಿ ಎಂದಷ್ಟೇ ಕೇಳಿದೆ. ಆ ಕಥೆಯಲ್ಲೂ ಯಾರೂ ನೊವೊಮಿಯನ್ನು ಹಾಗೆ ಕರೆಯಲಿಲ್ಲ, ಬೇಕಾದರೆ ಓದಿ ನೋಡು ಎಂದರು. ಮನೆಗೆ ಹೋಗಿ ಓದಿದೆ. ಹೌದು. ಅವಳು ಅಷ್ಟು ಬಾಯಿಬಿಟ್ಟು ಕೇಳಿಕೊಂಡರೂ ಊರಿನ ಒಬ್ಬ ಹೆಂಗಸೂ ಮಾರಾ ಅನ್ನುವುದಿಲ್ಲ. ಕಥೆ ಬರೆದವನು ಕೂಡ ಮರುಕ್ಷಣವೇ ನೊವೊಮಿ ಎಂದೇ ಬರೆಯುತ್ತಾನೆ. ಕೊನೆಗೆ ಅವಳ ಮಡಿಲಲ್ಲಿ ಒಂದು ಮಗು ಇರುತ್ತದೆ.

ಅಂದಿನಿಂದ ಭಾವ ಬೆಳಗಿನ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗತೊಡಗಿದರು. ಒಳಗೆ ಬಿಟ್ಟಷ್ಟು ಹೊತ್ತು ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದರು. ನೋಡುವುದೊಂದೇ ಕೆಲಸ. ಮನೆಗೆ ಬಂದು ಚಿನ್ನಿಯ ಬಾಗಿಲಿನ ಹೊರಗೆ ನೆಲದ ಮೇಲೆ ಕೂರುತ್ತಿದ್ದರು. "ಚಿನ್ನೀ," ಎಂದು ಕರೆದು, ಕಂಡದ್ದನ್ನು ಹೇಳುತ್ತಿದ್ದರು. ಇವತ್ತು ಎರಡು ಸಲ ಆಕಳಿಸಿದಳು. ಇವತ್ತು ಬಿಕ್ಕಳಿಕೆ ಬಂತು, ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಎಡಗಿವಿ ಮಡಿಸಿಕೊಂಡಿದೆ, ಸಿಸ್ಟರು ಬಿಡಿಸಿದರೂ ಮತ್ತೆ ಮಡಿಸಿಕೊಳ್ಳುತ್ತದೆ. ಸೂಜಿ ಚುಚ್ಚಿದಾಗ ಅಳಲಿಲ್ಲ, ಚುಚ್ಚಿ ಮುಗಿದ ಮೇಲೆ ನೆನಪಾದ ಹಾಗೆ ಅತ್ತಳು. ಎಷ್ಟನೆಯ ದಿನ ಎಂದು ಹೇಳುತ್ತಿರಲಿಲ್ಲ, ಏನಾಗುತ್ತದೆ ಎಂದೂ ಹೇಳುತ್ತಿರಲಿಲ್ಲ. ಮಾತು ಮುಗಿದ ಮೇಲೆ ಮಂಡಿ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು.

ಒಂದು ದಿನ ಭಾವ, ಮಗು ಸಿಟ್ಟು ಬಂದರೆ ಹುಬ್ಬುಗಳ ನಡುವೆ ಗಂಟು ಹಾಕಿ ಕೆಳತುಟಿ ಮುಂದೆ ಮಾಡುತ್ತದೆ, ಥೇಟ್ ನಿನ್ನ ಹಾಗೆ ಎಂದು ಹೇಳಿ ಏಳುತ್ತಿದ್ದರು. ಒಳಗಿನಿಂದ ದನಿ ಬಂತು.

"ಯಾವ ಕಡೆ ತಿರುಗಿ ಮಲಗ್ತಾಳೆ?"

ಮಲಗ್ತದೆ ಅನ್ನಲಿಲ್ಲ, ಮಲಗ್ತಾಳೆ ಅಂದಳು. ಅಡುಗೆಮನೆಯಲ್ಲಿದ್ದ ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟು ನನ್ನ ತೋಳು ಹಿಡಿದುಕೊಂಡಳು. ಬಲಗಡೆ, ನಾನು ಕೂತಿರೋ ಕಡೆಗೆ ಬೆನ್ನು ಹಾಕಿ ಮಲಗ್ತಾಳೆ ಎಂದರು ಭಾವ, ನನ್ನ ಮೇಲೆ ಅವಳಿಗೂ ಸಿಟ್ಟಿರಬೇಕು.

ಮರುದಿನ ಬೆಳಿಗ್ಗೆ ಚಿನ್ನಿ ತಲೆ ಬಾಚಿಕೊಂಡು ಹೊರಗೆ ಬಂದು ಚಪ್ಪಲಿ ಹುಡುಕಿದಳು. ನಾನು ಶಾಲೆಗೆ ರಜೆ ಹೇಳಿ ಅವರ ಜೊತೆ ಹೋದೆ. ಸೋಂಕು ಇಳಿಯುತ್ತಿದೆ, ಆದರೂ ಜೋಪಾನ ಎಂದು ಸಿಸ್ಟರು ಹೇಳಿ, ಅವಳನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಮಗುವನ್ನು ನಳಿಕೆಗಳ ಸಮೇತ ಎತ್ತಿ ಅವಳ ಬರಿಯೆದೆಯ ಮೇಲಿಟ್ಟು ಬಟ್ಟೆ ಹೊದಿಸಿದರು. ಭಾವ ಗೋಡೆಯ ಕಡೆ ತಿರುಗಿ ನಿಂತರು. ಬಹಳ ಹೊತ್ತು ಚಿನ್ನಿ ಉಸಿರು ಬಿಡಲೂ ಹೆದರಿದ ಹಾಗೆ ಕೂತಿದ್ದಳು. ಆಮೇಲೆ ತಲೆ ಬಗ್ಗಿಸಿ, ಆ ಮಡಿಸಿದ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಬಸುರಿಯಾಗಿದ್ದಾಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರಂತೆ, ಗಂಡನಿಗೂ ಹೇಳಿರಲಿಲ್ಲವಂತೆ. ಮತ್ತೊಮ್ಮೆ ಹೇಳಿದಳು. ಮಗು ಹುಬ್ಬು ಗಂಟು ಹಾಕಿ, ಕತ್ತು ಹೊರಳಿಸಿ, ಒಂದು ಕಣ್ಣು ಬಿಟ್ಟು ಅವಳನ್ನು ನೋಡಿತು. ಚಿನ್ನಿ ಅತ್ತಳು. ನಾನೂ ಅತ್ತೆ. ನಾಚಿಕೆಯೇನೂ ಇಲ್ಲ.

ಸಿಸ್ಟರು ಪೆಟ್ಟಿಗೆಗೆ ಅಂಟಿಸುವ ಚೀಟಿಯನ್ನೂ ಪೆನ್ನನ್ನೂ ಭಾವನ ಮುಂದೆ ಹಿಡಿದು, ಬರೆಯುವವರು ನೀವಲ್ಲವೇ, ಮಗುವಿನ ಹೆಸರು ಬರೆಯಿರಿ ಎಂದರು. ಸಾವಿರಾರು ಹೆಸರು ಬರೆದ ಭಾವ ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು ಒಂದೊಂದೇ ಅಕ್ಷರ ಬರೆದರು. ನೆರಳು ಹಾಕಲಿಲ್ಲ, ಬಾಲ ಉದ್ದ ಮಾಡಲಿಲ್ಲ.

ಚಿನ್ನಿ ಅವರನ್ನೇ ನೋಡುತ್ತಿದ್ದಳು. "ಅಪ್ಪಾ, ಈ ಹೆಸರಿನ ಅರ್ಥ ಏನು ಅಂತ ಕೇಳಲ್ವಾ?"

"ನೀನು ಕರೆದೆ, ಅವಳು ತಿರುಗಿ ನೋಡಿದ್ಲು," ಎಂದರು ಭಾವ. "ನಂಗೆ ಅಷ್ಟು ಅರ್ಥ ಸಾಕು ಮಗಳೇ."

ಮಗು ಮನೆಗೆ ಬಂದದ್ದು ಅದಾದ ಮೇಲೆ ಎಷ್ಟೋ ದಿನಗಳಿಗೆ, ಒಂದು ಮಧ್ಯಾಹ್ನ, ಅದೇ ಶಾಲಿನಲ್ಲಿ. ಅದು ಎಷ್ಟನೆಯ ದಿನ ಎಂದು ನನಗೆ ಗೊತ್ತು, ಗಣಿತದವಳಲ್ಲವೇ. ಭಾವ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಗೇಟಿನಲ್ಲಿ ನಿಂತು ಮೊಮ್ಮಗಳನ್ನು ಹೆಸರು ಹಿಡಿದು ಕರೆಯುವುದರಲ್ಲಿ ಮುಳುಗಿಹೋಗಿದ್ದರು.